ಅವ್ವನ ದನಿಯ ಬಣ್ಣದ ಸೀರೆ

ಹೆಮ್ಮಿಗೆ, ತಿ. ನರಸೀಪುರ ತಾಲ್ಲೂಕು
14 ಜುಲೈ 1996

ಕಥೆಗಾರರಾದ ಶ್ರೀ ಬೆಟ್ಟಸ್ವಾಮಿಯವರಿಗೆ ನಮಸ್ಕಾರಗಳು.

ನಾನು ನಮ್ಮೂರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ‘ಕಪಿಲಾವಾಣಿ’ ವಾರಪತ್ರಿಕೆಯಲ್ಲಿ ನಿಮ್ಮ ‘ಬಾಲಚುಕ್ಕಿ ಬಂದ ವರ್ಷ’ ಎಂಬ ವಿಜ್ಞಾನದ ಕಥೆ ಓದಿದೆ. 2051ನೇ ಇಸವಿಯಲ್ಲಿ ಬಾಲಚುಕ್ಕಿಯ ಧೂಳು ನಂಜನಗೂಡಿನ ಮೇಲೆ ಬಿದ್ದು ಊರಿನವರಿಗೆಲ್ಲ ಶಬ್ದ ಕಣ್ಣಿಗೆ ಕಾಣತೊಡಗುವುದು, ಬಣ್ಣ ನಾಲಿಗೆಗೆ ಹತ್ತುವುದು, ಕಪಿಲಾ ಸೇತುವೆಯ ಮೇಲೆ ಜನ ದಾರಿ ಕಾಣದೆ ಡಿಕ್ಕಿ ಹೊಡೆಯುವುದು ಎಲ್ಲ ಚೆನ್ನಾಗಿದೆ. ಕೊನೆಯಲ್ಲಿ ಡಾಕ್ಟರ್ ಗೋವಿಂದಯ್ಯನವರು ‘ಇಂದ್ರಿಯದ ಜರಡಿ’ ಎಂಬ ಟೋಪಿ ಮಾಡಿ, ಅದನ್ನು ತಲೆಗೆ ಹಾಕಿ ಎಲ್ಲರನ್ನೂ ವಾಸಿ ಮಾಡುತ್ತಾರಲ್ಲ, ಅದರ ಬಗ್ಗೆ ಕೇಳಬೇಕಿತ್ತು. ಆ ಡಾಕ್ಟರ್ ನಿಜವಾಗಿ ಎಲ್ಲಿದ್ದಾರೆ? ಅಂಥ ಟೋಪಿ ಮೈಸೂರಿನಲ್ಲಾದರೂ ಸಿಗುತ್ತದೆಯೇ? ನನಗೆ ಗೊತ್ತಿರುವ ಒಬ್ಬ ಹುಡುಗಿಗೆ ಬೇಕಾಗಿದೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಜನ ಡಿಕ್ಕಿ ಹೊಡೆಯುವುದಿಲ್ಲ ಸಾರ್. ಶಬ್ದದ ಬಣ್ಣ ದಾರಿಗೆ ಅಡ್ಡ ಬರುವುದಿಲ್ಲ, ಅದು ಪಕ್ಕದಲ್ಲಿ ನಿಂತಿರುತ್ತದೆ.

ಇಂತಿ,
ಕೋಮಲ

*

ಅಂಗಡಿ ಬೀದಿ, ನಂಜನಗೂಡು
22 ಜುಲೈ 1996

ಕೋಮಲ ಎಂದು ಸಹಿ ಮಾಡಿರುವವರಿಗೆ,

ನಿಮ್ಮ ಪತ್ರ ಓದಿ ಮೊದಲು ಬಂದ ಅನುಮಾನ ಎದುರು ಅಂಗಡಿಯ ಪುಟ್ಟಬಸವಯ್ಯನ ಮೇಲೆ. ನನ್ನ ಕಥೆ ಅಚ್ಚಾದ ವಾರವೆಲ್ಲ ಅವನಿಗೆ ನನ್ನನ್ನು ಆಡಿಕೊಳ್ಳುವುದೇ ವ್ಯಾಪಾರ. ಅಂಚೆ ಮುದ್ರೆ ನರಸೀಪುರದ್ದು ಎಂದು ನನ್ನ ಮಗಳು ರಮ್ಯ ತೋರಿಸಿದ ಮೇಲೆ ನಂಬಿದೆ.

ನಾನು ವಿಜ್ಞಾನಿಯಲ್ಲ ತಾಯಿ, ಜವಳಿ ವ್ಯಾಪಾರಿ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನೊಣ ಹೊಡೆಯುವ ಬದಲು ಕಥೆ ಬರೆಯುತ್ತೇನೆ. ಡಾಕ್ಟರ್ ಗೋವಿಂದಯ್ಯ ನನ್ನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅವನ ಜರಡಿ ನನಗೆ ಹೊಳೆದದ್ದು ನಮ್ಮ ಮನೆಯಾಕೆ ಸಿದ್ದಲಿಂಗಮ್ಮ ರಾಗಿ ಜರಡಿ ಹಿಡಿಯುವುದನ್ನು ನೋಡಿ.

ಆದರೆ ಬಣ್ಣ ಅಡ್ಡ ಬರುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತದೆ ಎಂದು ಬರೆದಿದ್ದೀರಲ್ಲ, ಅದು ಕಥೆ ಓದಿದವರ ಮಾತಲ್ಲ, ಕಂಡವರ ಮಾತು. ಆ ಹುಡುಗಿ ಯಾರು?

ಬೆಟ್ಟಸ್ವಾಮಿ

*

ಹೆಮ್ಮಿಗೆ
5 ಆಗಸ್ಟ್ 1996

ಬೆಟ್ಟಸ್ವಾಮಿ ಸಾರ್ ಅವರಿಗೆ ನಮಸ್ಕಾರಗಳು.

ಆ ಹುಡುಗಿ ನಾನೇ. ನಿಮಗೂ ಹೀಗೇ ಆಗುತ್ತದೆ, ಅದಕ್ಕೇ ಬರೆದಿದ್ದೀರಿ ಅಂದುಕೊಂಡಿದ್ದೆ. ಕಲ್ಪನೆ ಅಂತ ತಿಳಿದು ಎರಡು ದಿನ ಬೇಜಾರಾಯಿತು.

ನನಗೆ ಎಲ್ಲರ ದನಿಗೂ ಬಣ್ಣವಿದೆ. ಚಿಕ್ಕಂದಿನಿಂದಲೂ ಹೀಗೇ. ಎಲ್ಲರಿಗೂ ಹಾಗೇ ಅಂತ ತಿಳಿದಿದ್ದೆ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರ ದನಿ ಸಗಣಿ ಬಣ್ಣ ಅಂದು ಏಟು ತಿಂದ ಮೇಲೆ ಸುಮ್ಮನಾದೆ. ಈಗ ಅಂಗನವಾಡಿಯಲ್ಲಿ ಬೆನ್ನು ತಿರುಗಿಸಿ ಅಡಿಗೆ ಮಾಡುತ್ತಿದ್ದರೂ ಯಾವ ಮಗು ಅಳುತ್ತಿದೆ ಅಂತ ಬಣ್ಣದಲ್ಲೇ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಅಪ್ಪ ಮಾರಯ್ಯ, ನಾನು, ಮತ್ತೆ ಅವ್ವನ ತಂಗಿ ಚಿಕ್ಕಮ್ಮ. ಅವ್ವ ಮಂಗಳಮ್ಮ ತೀರಿಕೊಂಡು ಮೂರು ವರ್ಷ. ಈಗ ನನಗೆ ಗಂಡು ನೋಡುತ್ತಿದ್ದಾರೆ. ಚಿಕ್ಕಮ್ಮ ಒಂದೇ ಮಾತು ಹೇಳುವುದು: “ಗಂಡಿನ ಕಡೆಯವ್ರ ಮುಂದೆ ಇದ್ನೆಲ್ಲ ಬಿಚ್ಚಬ್ಯಾಡ ಕಣವ್ವ, ಉಚ್ಚಿ ಅಂದ್ಬುಟ್ಟಾರು.” ಅದಕ್ಕೇ ಜರಡಿ ಕೇಳಿದ್ದು.

ಪತ್ರ ಹಾಕಿದ ಮೇಲೆ ಬೇರೆ ಯೋಚನೆ ಬಂತು. ಅವ್ವನ ದನಿ ನೆನೆಸಿಕೊಂಡರೆ ಅದರ ಬಣ್ಣ ಈಗಲೂ ಬರುತ್ತದೆ. ಅವ್ವನದು ಅಂತ ನನ್ನ ಹತ್ತಿರ ಉಳಿದಿರುವುದು ಅದೊಂದೇ, ಫೋಟೋ ಕೂಡ ಇಲ್ಲ. ಜರಡಿ ಹಿಡಿದರೆ ಹೊಟ್ಟಿನ ಜೊತೆ ಅದೂ ಹೋಗಿಬಿಡುತ್ತದೆಯೇ? ನಿಮ್ಮ ಕಥೆಯಲ್ಲಿ ಇದನ್ನು ಯಾರೂ ಡಾಕ್ಟರನ್ನು ಕೇಳುವುದಿಲ್ಲ.

ಇಂತಿ,
ಕೋಮಲ

*

ನಂಜನಗೂಡು
19 ಆಗಸ್ಟ್ 1996

ಕೋಮಲ,

ಇನ್ನು ಮೇಲೆ ನೀನು ಎನ್ನುತ್ತೇನೆ, ನೀನು ನನ್ನ ರಮ್ಯಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು ಅಷ್ಟೆ. ನಿನ್ನ ಪತ್ರವನ್ನು ಅಂಗಡಿಯಲ್ಲಿ ಕೂತು ಓದಿ, ಮನೆಗೆ ಹೋಗಿ ಮತ್ತೆ ಓದಿದೆ. ನೀನು ಕೇಳಿದ ಪ್ರಶ್ನೆ ನನಗೆ ಹೊಳೆಯಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು.

ಜರಡಿಯ ಮಾತು ಬಿಡು. ನಿಮ್ಮ ಕಡೆ ಸಂಗಮದಲ್ಲಿ ಕಾವೇರಿ, ಕಪಿಲೆಯ ಜೊತೆ ಕಣ್ಣಿಗೆ ಕಾಣದ ಮೂರನೆಯದೂ ಒಂದು ಸೇರುತ್ತದೆ ಎನ್ನುತ್ತಾರೆ. ಅದನ್ನು ನಂಬಿ ಸಾವಿರಾರು ಜನ ಮುಳುಗು ಹಾಕುತ್ತಾರೆ. ಯಾರೂ ಅವರನ್ನು ಹುಚ್ಚರು ಎನ್ನುವುದಿಲ್ಲ. ನಿನ್ನ ಬಣ್ಣಗಳನ್ನು ನಂಬಲು ಏನು ಕಷ್ಟ?

ನಾನು ಬಣ್ಣದಲ್ಲೇ ಅನ್ನ ತಿಂದವನು. ಹಸಿರು ಎಂದರೆ ನನಗೆ ಒಂದಲ್ಲ: ಗಿಳಿ ಹಸಿರು, ಎಲೆ ಹಸಿರು, ಪಾಚಿ ಹಸಿರು. ನಿನ್ನ ಅವ್ವನ ದನಿ ಯಾವ ಬಣ್ಣ ಹೇಳು. ನನ್ನ ಅಂಗಡಿಯಲ್ಲಿ ಇದ್ದರೆ ಹುಡುಕಿ ಕೊಡುತ್ತೇನೆ. ಈ ಲಕೋಟೆಯಲ್ಲಿ ಒಂದಷ್ಟು ಬಟ್ಟೆಯ ಚೂರು ಇಟ್ಟಿದ್ದೇನೆ, ಹೆಸರಿನ ಚೀಟಿ ಅಂಟಿಸಿದ್ದೇನೆ. ಹೋಲಿಸಿ ನೋಡಿ ವಾಪಸ್ ಕಳಿಸು. ಅಕ್ಷರ ವಕ್ರವಾಗಿದ್ದರೆ ಬೈಯಬೇಡ, ಹೊಸ ಕನ್ನಡಕ ಇನ್ನೂ ಹೊಂದಿಲ್ಲ.

ಬೆಟ್ಟಸ್ವಾಮಿ

*

ಹೆಮ್ಮಿಗೆ
10 ಸೆಪ್ಟೆಂಬರ್ 1996

ಸಾರ್ ಅವರಿಗೆ ನಮಸ್ಕಾರಗಳು.

ಚೂರುಗಳನ್ನು ನೆಲದ ಮೇಲೆ ಹರಡಿಕೊಂಡು ಒಂದು ಭಾನುವಾರ ಪೂರ್ತಿ ಕಳೆದೆ. ಬದನೆಕಾಯಿ ಬಣ್ಣ ಚಿಕ್ಕಮ್ಮನ ದನಿಯದೇ, ನೂಲಿನಷ್ಟೂ ವ್ಯತ್ಯಾಸವಿಲ್ಲ. ಅವರಿಗೆ ತೋರಿಸಿದರೆ “ನಂಗೆ ಇಂಥ ಬಣ್ಣ ಯಾಕಾಕ್ದೆ?” ಅಂತ ಮುನಿಸಿಕೊಂಡು, ಆಮೇಲೆ ಅದನ್ನು ರವಿಕೆಗೆ ಇಟ್ಟು ನೋಡಿಕೊಂಡರು. ಅಂಗಡಿಯವರು ನಿನಗ್ಯಾಕೆ ಬಟ್ಟೆ ಕಳಿಸುತ್ತಾರೆ ಅಂತ ಅಪ್ಪ ಕೇಳಿದರು. ನಿಜ ಹೇಳಿದೆ. ಗೋಡೆಯ ಮೇಲಿನ ಬುದ್ಧನ ಪಟದ ಕಡೆ ತಿರುಗಿ, “ಅವ್ಳ ದನಿಯಾ? ಸಿಕ್ಕುದ್ರೆ ನಂಗೂ ತೋರ್ಸು” ಅಂದರು.

ಅವ್ವನದು ಇದರಲ್ಲಿ ಇಲ್ಲ. ಕನಕಾಂಬರ ಹತ್ತಿರ ಬರುತ್ತದೆ, ಆದರೆ ಜಾಸ್ತಿ ಕೂಗುತ್ತದೆ. ಈರುಳ್ಳಿ ಸಿಪ್ಪೆ ಬಣ್ಣವೂ ಹತ್ತಿರವೇ, ಆದರೆ ತಣ್ಣಗಿದೆ. ಅವ್ವನದು ನೋಡಿದರೆ ಸಾಲದು ಸಾರ್, ಮುಟ್ಟಿದ ಹಾಗೂ ಆಗುತ್ತದೆ. ಅಡಿಗೆ ಮುಗಿದು ಬಿಸಿ ಆರುತ್ತಿರುವ ಒಲೆಯ ದಂಡೆಯ ಮೇಲೆ ಕೈ ಇಟ್ಟರೆ ಹೇಗಿರುತ್ತದೋ ಹಾಗೆ.

ಬೇಗ ಹುಡುಕಬೇಕು. ಮೊದಲು ಅವ್ವ ಹಿತ್ತಿಲಿಂದ ‘ಕೋಮ್ಲೀ’ ಅಂತ ಕರೆದದ್ದು ನೆನೆದರೆ ಬಣ್ಣ ತುಂಬಿಕೊಂಡು ಬರುತ್ತಿತ್ತು. ಈಗ ಅಂಚಿನಲ್ಲಿ ತೆಳುವಾಗಿದೆ. ಪೂರ್ತಿ ಹೋಗುವ ಮುಂಚೆ ಆ ಬಣ್ಣದ ಒಂದು ಸೀರೆ ನನ್ನ ಹತ್ತಿರ ಇರಬೇಕು. ಮದುವೆಗೆ ಅದನ್ನೇ ಉಡಬೇಕು ಅಂತ ಆಸೆ.

ಕೋಮಲ

*

ನಂಜನಗೂಡು
27 ಜನವರಿ 1997

ಕೋಮಲ,

ದಸರಾದಿಂದ ಸಂಕ್ರಾಂತಿಯವರೆಗಿನ ವ್ಯಾಪಾರದಲ್ಲಿ ತಡವಾಯಿತು. ಮತ್ತೆ ಆರು ಚೂರು ಕಳಿಸುತ್ತಿದ್ದೇನೆ. ಅದರಲ್ಲಿ ಒಂದು ರಾಗಿ ಹಿಟ್ಟಿನ ಬಣ್ಣ. ಅದು ಯಾರಿಗೂ ಬೇಡವಾದ ಸೀರೆ, ವರ್ಷಗಳಿಂದ ಕಪಾಟಿನ ಮೂಲೆಯಲ್ಲಿ ಕೂತಿದೆ. ಬಂದವರೆಲ್ಲ ಮಡಿಕೆ ಬಿಚ್ಚಿ, ಸವರಿ, ಮುಖ ಸಿಂಡರಿಸಿ ಹೋಗುತ್ತಾರೆ. ಅದರ ಸೆರಗಿನ ತುದಿಯನ್ನೇ ನಿನಗಾಗಿ ಕತ್ತರಿಸಿದೆ. ಅಂಗಡಿಯ ನಿಧಾನದ ಸರಕು ಹೇಗಿರುತ್ತದೆ ಎಂದು ನೀನೂ ನೋಡು.

ಹೊಸ ಕಥೆ ಶುರು ಮಾಡಿದ್ದೇನೆ. ಅದರಲ್ಲಿ ಒಬ್ಬನಿಗೆ ಕಣ್ಣು ಹೋಗುತ್ತಿದೆ. ಅವನು ಶಬ್ದದಿಂದ ಬಣ್ಣ ಕಾಣುವುದನ್ನು ಕಲಿಯಲು ಹೊರಡುತ್ತಾನೆ. ನಿನ್ನಂಥವರ ಹತ್ತಿರ ಕೂತು ಅಭ್ಯಾಸ ಮಾಡಿದರೆ ಅವನಿಗೆ ಬರಬಹುದೇ? ಎಷ್ಟು ಕಾಲ ಬೇಕಾದೀತು? ಕಥೆಗಾಗಿ ಕೇಳುತ್ತಿದ್ದೇನೆ, ಬೇರೇನೂ ಇಲ್ಲ.

ನಿನ್ನೆ ಕಪ್ಪು ಕೇಳಿದವರಿಗೆ ಕಡು ನೀಲಿ ಹರಿದು ಕೊಟ್ಟೆ. ರಮ್ಯ ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ.

ಅಂಗಡಿಯ ಫೋನ್ ನಂಬರ್ ಕೆಳಗಿದೆ. ಒಮ್ಮೆ ಫೋನ್ ಮಾಡಿ ನನ್ನ ದನಿ ಯಾವ ಬಣ್ಣ ಹೇಳು. ಇಷ್ಟು ಜನರಿಗೆ ಬಣ್ಣ ಮಾರಿದವನಿಗೆ ತನ್ನ ಬಣ್ಣ ಗೊತ್ತಿಲ್ಲ.

ಬೆಟ್ಟಸ್ವಾಮಿ

*

ಹೆಮ್ಮಿಗೆ
9 ಮಾರ್ಚ್ 1997

ಸಾರ್ ಅವರಿಗೆ ನಮಸ್ಕಾರಗಳು.

ನರಸೀಪುರದ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದೆ. ನೀವು “ಹಲೋ, ಯಾರು ಮಾತಾಡ್ತಿರೋದು, ಏನು ಬೇಕಾಗಿತ್ತಮ್ಮ?” ಅಂದಿರಿ. ಹೊರಗೆ ಜನ ಕಾಯುತ್ತಿದ್ದರು, ಫೋನ್ ಇಟ್ಟುಬಿಟ್ಟೆ. ಕೋಪ ಮಾಡಿಕೊಳ್ಳಬೇಡಿ.

ಅವ್ವನದು ಈ ಸಲವೂ ಸಿಗಲಿಲ್ಲ. ಐದು ಚೂರು ವಾಪಸ್ ಕಳಿಸಿದ್ದೇನೆ, ಒಂದನ್ನು ಇಟ್ಟುಕೊಂಡಿದ್ದೇನೆ. ಯಾಕೆ ಅಂತ ಈಗ ಕೇಳಬೇಡಿ.

ನಿಮ್ಮ ಕಥೆಯವನ ವಿಷಯ. ಅವನಿಗೆ ಬರುವುದಿಲ್ಲ ಸಾರ್. ಇದು ಕಲಿಯುವುದಲ್ಲ, ತಾನಾಗಿ ಬರುವುದು. ನಾನು ಯಾರಿಗೂ ಕಲಿಸಲಾರೆ. ಬರುತ್ತದೆ ಅಂತ ಬರೆದರೆ ಸುಳ್ಳು ಕಥೆಯಾಗುತ್ತದೆ.

ಕೋಮಲ

*

ನಂಜನಗೂಡು
2 ಏಪ್ರಿಲ್ 1997

ಕೋಮಲ,

ಚೂರುಗಳು ಬಂದವು. ಯಾವುದನ್ನು ಉಳಿಸಿಕೊಂಡೆ ಎಂದು ನೋಡಲು ಹೋಗಲಿಲ್ಲ. ನನ್ನ ಬಣ್ಣ ನೀನು ಹೇಳಲಿಲ್ಲ, ಚೆನ್ನಾಗಿರಲಾರದು ಎಂದುಕೊಂಡೆ. ಮಾತು ಬೆಳ್ಳಿ, ಮೌನ ಬಂಗಾರ.

ಆ ಕಥೆ ನಿಲ್ಲಿಸಿದ್ದೇನೆ. ನೀನು ಹೇಳಿದ್ದು ಸರಿ.

ಬೆಟ್ಟಸ್ವಾಮಿ

*

ಹೆಮ್ಮಿಗೆ
15 ಫೆಬ್ರವರಿ 1998

ಸಾರ್ ಅವರಿಗೆ ನಮಸ್ಕಾರಗಳು.

ಇಷ್ಟು ದಿನ ನಿಮ್ಮ ಪತ್ರ ಇಲ್ಲ. ನಾನೂ ಬರೆಯಲಿಲ್ಲ. ಕಥೆಯನ್ನು ಸುಳ್ಳು ಅಂದದ್ದಕ್ಕೆ ನೊಂದುಕೊಂಡಿರೇನೋ ಅಂತ ಹೆದರಿಕೆ.

ನನಗೆ ಮದುವೆ ಗೊತ್ತಾಗಿದೆ. ತಾಂಡವಪುರದ ಗುರು ಅಂತ, ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ. ಚಿಕ್ಕಮ್ಮ ಕಣ್ಣು ಬಿಟ್ಟು ಹೆದರಿಸಿದರೂ ಗುರು ಅವರಿಗೆ ಬಣ್ಣದ ವಿಷಯ ಹೇಳಿಬಿಟ್ಟೆ. ತುಂಬ ಯೋಚನೆ ಮಾಡಿ, “ಕಾರ್ಖಾನೇಲಿ ಯಾವ್ ಮೆಷಿನ್ ಕೆಟ್ಟದೆ ಅಂತ ಸದ್ದಲ್ಲೇ ನೋಡಕ್ಕೆ ನಿನ್ ಕರ್ಕೊಂಡೋದ್ರೆ ಆಯ್ತದೆ ಬುಡು” ಅಂದರು. ಅವರ ದನಿ ಮಾವಿನ ಚಿಗುರು.

ಈಗ ಸೀರೆಯದೇ ಜಗಳ. ನಮ್ಮದು ಬುದ್ಧನ ಮುಂದೆ ಮಾಡುವ ಮದುವೆ, ಹೆಣ್ಣು ಬಿಳಿ ಸೀರೆ ಉಡಬೇಕು ಅಂತ ಅಪ್ಪನ ಹಟ. ಮದುವೆಯಲ್ಲಿ ಬಿಳಿ ಯಾಕೆ, ಕೆಂಪು ಬೇಕು ಅಂತ ಚಿಕ್ಕಮ್ಮ. ಇಬ್ಬರಿಗೂ ಹೇಳಿದ್ದೇನೆ, ನಂಜನಗೂಡಿನಿಂದ ಅವ್ವನ ಬಣ್ಣ ಬಂದರೆ ಅದೇ, ಇಲ್ಲದಿದ್ದರೆ ನಿಮ್ಮಿಷ್ಟ ಅಂತ. ಅಪ್ಪ ಒಪ್ಪಿದ್ದಾರೆ. ಇದೊಂದು ಸಲ ಹುಡುಕಿ ಸಾರ್. ಕನಕಾಂಬರಕ್ಕೂ ಈರುಳ್ಳಿ ಸಿಪ್ಪೆಗೂ ನಡುವಿನದು.

ಕೋಮಲ

*

ನಂಜನಗೂಡು
3 ಮಾರ್ಚ್ 1998

ಕೋಮಲ,

ನೊಂದುಕೊಂಡಿಲ್ಲ. ಸಂತೋಷವಾಗಿದೆ. ಗುರು ಎಂಬ ಹುಡುಗ ಬುದ್ಧಿವಂತ.

ಸಿಕ್ಕಿದೆ. ಮೇಲಿನ ಕಪಾಟಿನಲ್ಲಿ ನಾನೇ ಏಣಿ ಹತ್ತಿ ಹುಡುಕಿದೆ. ಕನಕಾಂಬರದ ಕೂಗು ಇಲ್ಲ, ಈರುಳ್ಳಿ ಸಿಪ್ಪೆಯ ತಂಪೂ ಇಲ್ಲ. ಬಿಸಿಲಿಗೆ ಹಿಡಿದು ನೋಡಿದೆ. ಮೂವತ್ತು ವರ್ಷದ ವ್ಯಾಪಾರದ ಮೇಲೆ ಆಣೆ, ಇದೇ ನಿನ್ನ ಅವ್ವನ ಬಣ್ಣ. ಚೂರು ಇದರಲ್ಲಿದೆ. ಹೂಂ ಅಂದರೆ ಸೀರೆ ಕಳಿಸುತ್ತೇನೆ. ಅದು ನನ್ನ ಉಡುಗೊರೆ.

ಬೆಟ್ಟಸ್ವಾಮಿ

*

ಹೆಮ್ಮಿಗೆ
30 ಏಪ್ರಿಲ್ 1998

ಸಾರ್ ಅವರಿಗೆ,

ಚೂರು ತಲುಪಿತ್ತು. ಅಪ್ಪನಿಗೆ ಬಹಳ ಖುಷಿಯಾಯಿತು. ಮದುವೆ ಆಯಿತು. ಬಿಳಿ ಸೀರೆ ಉಟ್ಟೆ. ಇನ್ನು ನನಗಾಗಿ ಹುಡುಕುವುದು ಬೇಡ.

ಕೋಮಲ

*

ನಂಜನಗೂಡು
8 ಅಕ್ಟೋಬರ್ 2000

ಕೋಮಲ,

ಅಕ್ಷರ ಚಂದ ಕಂಡರೆ ಆಶ್ಚರ್ಯ ಪಡಬೇಡ. ಬರೆಯುತ್ತಿರುವವಳು ರಮ್ಯ, ಹೇಳುತ್ತಿರುವವನು ನಾನು. ನಿನ್ನ ವಿಳಾಸ ಗೊತ್ತಿಲ್ಲದೆ ಹೆಮ್ಮಿಗೆಗೆ ಕಳಿಸುತ್ತಿದ್ದೇನೆ, ನಿನ್ನ ಅಪ್ಪ ತಲುಪಿಸುತ್ತಾರೆ ಎಂಬ ನಂಬಿಕೆ.

ನನಗೆ ಕಣ್ಣು ಹೋಗಿದೆ. ಸಕ್ಕರೆ ಕಾಯಿಲೆ ಕಣ್ಣಿನ ನರಕ್ಕೆ ಇಳಿಯಿತು. ನೀನು ಮೊದಲ ಪತ್ರ ಬರೆಯುವ ಹೊತ್ತಿಗೇ ಮೈಸೂರಿನ ಡಾಕ್ಟರು ಹೇಳಿಯಾಗಿತ್ತು. ಬಾಲಚುಕ್ಕಿಯ ಕಥೆ ಸುಮ್ಮನೆ ಹುಟ್ಟಿದ್ದಲ್ಲ ಮಗಳೇ. ಶಬ್ದದಲ್ಲಿ ಬಣ್ಣ ಕಂಡರೆ ನನ್ನ ಅಂಗಡಿ, ನನ್ನ ಬದುಕು ಉಳಿಯುತ್ತದಲ್ಲ ಎಂಬ ಆಸೆಯಿಂದ ಹುಟ್ಟಿದ್ದು. ಆಸೆ ಪಟ್ಟದ್ದಕ್ಕೆ ನಾಚಿಕೆಯಾಗಿ, ಕೊನೆಯಲ್ಲಿ ಜರಡಿ ತಂದು ಎಲ್ಲವನ್ನೂ ವಾಸಿ ಮಾಡಿಬಿಟ್ಟೆ. ಕಣ್ಣು ಹೋಗುತ್ತಿರುವವನು ಇದನ್ನು ಕಲಿಯಬಹುದೇ ಎಂದು ಕೇಳಿದ್ದೆನಲ್ಲ, ಆತ ನಾನೇ. ನೀನು ಆಗುವುದಿಲ್ಲ ಎಂದೆ. ಆ ದಿನ ಊಟ ಸೇರಲಿಲ್ಲ. ನೀನು ನಿಜ ಹೇಳಿದೆ, ಅದಕ್ಕಾಗಿ ನಿನ್ನ ಮೇಲೆ ಎಂದೂ ಕೋಪವಿಲ್ಲ.

ಈಗ ಪತ್ರ ಬರೆಸಲು ಕಾರಣ ಬೇರೆ. ಹೋದ ತಿಂಗಳು ರಮ್ಯ ಮೇಲಿನ ಕಪಾಟು ಒರೆಸುತ್ತ, ರವಿಕೆಯ ಒಳಗೆ ಕೊಟ್ಟು ಹೊಲಿಯುವ ಅಸ್ತರಿ ಬಟ್ಟೆಯ ಸುರುಳಿಯ ಅಂಚಿನಲ್ಲಿ ಕತ್ತರಿ ಹಾಕಿದ ಗುರುತು ನೋಡಿ, “ಅಪ್ಪಾ, ಇದನ್ನ ಯಾಕೆ ಚೂರು ಮಾಡಿದ್ರಿ?” ಎಂದಳು. ಆ ಜಾಗದಿಂದ ನಾನು ಕತ್ತರಿಸಿದ್ದು ಒಂದೇ ಸಲ, ನಿನಗಾಗಿ. ನಿನ್ನ ಅವ್ವನ ಬಣ್ಣ ಎಂದು ಆಣೆ ಇಟ್ಟು ನಾನು ಕಳಿಸಿದ್ದು ಬಿಳಿ ಅಸ್ತರಿಯ ಚೂರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ನನಗೆ ಬೆಳ್ಳಗಿರುವುದು ಬೆಳ್ಳಗೂ ಕಾಣಲಿಲ್ಲ. ತಾಯಿ ಇಲ್ಲದ ಹುಡುಗಿ ತಾಯಿಯ ಬಣ್ಣ ಕೇಳಿದರೆ ಬಿಳಿ ಚೂರು ಕೊಟ್ಟು ಅಣಕಿಸಿದ ಹಾಗಾಯಿತು. ನೀನು ಸುಮ್ಮನಾದದ್ದು ಅದಕ್ಕೇ ಎಂದು ಈಗ ತಿಳಿಯಿತು.

ಇದರ ಜೊತೆ ಒಂದು ಸೀರೆ ಇದೆ. ಈ ಸಲ ಕಣ್ಣನ್ನು ನಂಬಲಿಲ್ಲ, ನಂಬಲು ಕಣ್ಣಿಲ್ಲ. ಬಿಸಿ ಆರುವ ಒಲೆಯ ದಂಡೆ ಮುಟ್ಟಿದ ಹಾಗೆ ಎಂದು ನೀನು ಬರೆದಿದ್ದೆ, ನೆನಪಿದೆಯೇ? ಅಂಗಡಿಯ ಸೀರೆಗಳನ್ನೆಲ್ಲ ಒಂದೊಂದಾಗಿ ಮುಟ್ಟಿದೆ. ಇದೊಂದರ ಮೇಲೆ ಕೈ ನಿಂತಿತು. ಯಾವ ಬಣ್ಣ ಎಂದು ರಮ್ಯಳನ್ನು ಕೇಳಲಿಲ್ಲ. ನೀನೇ ಹೇಳಬೇಕು.

ಬೆಟ್ಟಸ್ವಾಮಿ

ಅಕ್ಕ, ಈ ಕೆಳಗಿನದನ್ನು ಅಪ್ಪ ಹೇಳಿ ಬರೆಸಿದ್ದಲ್ಲ. ಅವರು ಆರಿಸಿದ್ದು ಯಾರೂ ಕೊಳ್ಳದೆ ಉಳಿದಿದ್ದ ರಾಗಿ ಹಿಟ್ಟಿನ ಬಣ್ಣದ ಸೀರೆ. ಎಲ್ಲರೂ ಮುಟ್ಟಿ ಮುಟ್ಟಿ ಮೆತ್ತಗಾಗಿದೆ, ಅದಕ್ಕೇ ಅವರ ಕೈಗೆ ಹಾಗನ್ನಿಸಿದೆ. ಅವರ ಮುಖ ನೋಡಿ, ಹೇಳದೆ ಹಾಗೇ ಕಟ್ಟಿ ಕಳಿಸುತ್ತಿದ್ದೇನೆ. ನೀವು ಏನು ಬರೆದರೂ ಅದನ್ನೇ ಓದುತ್ತೇನೆ. — ರಮ್ಯ

*

ತಾಂಡವಪುರ
1 ನವೆಂಬರ್ 2000

ಸಾರ್ ಅವರಿಗೆ, ಓದುತ್ತಿರುವ ರಮ್ಯಳಿಗೂ ನಮಸ್ಕಾರಗಳು.

ಅಪ್ಪ ಪತ್ರವನ್ನೂ ಸೀರೆಯನ್ನೂ ತಾವೇ ಬಸ್ಸಿನಲ್ಲಿ ತಂದು ಕೊಟ್ಟರು. ಓದಿ ತುಂಬ ಅತ್ತೆ. ಕಲಿಯಲು ಬರುವುದಿಲ್ಲ ಅಂತ ಎಷ್ಟು ಸಲೀಸಾಗಿ ಬರೆದುಬಿಟ್ಟೆ. ನೀವು ಕೇಳುತ್ತಿರುವುದು ನಿಮಗಾಗಿ ಅಂತ ಗೊತ್ತಿದ್ದರೆ ಬರೆಯಲು ಕೈ ಬರುತ್ತಿರಲಿಲ್ಲ. ಒಂದು ಲೆಕ್ಕಕ್ಕೆ ಗೊತ್ತಿಲ್ಲದ್ದೇ ಒಳ್ಳೆಯದಾಯಿತು, ನಿಮಗೆ ಸುಳ್ಳು ಹೇಳಿದವಳಾಗಲಿಲ್ಲ. ಈಗಲೂ ಹೇಳುವುದಿಲ್ಲ.

ಬಿಳಿ ಚೂರಿನಿಂದ ನೀವು ನನ್ನನ್ನು ಅಣಕಿಸಲಿಲ್ಲ. ಅದು ಬಂದ ದಿನ ಅಪ್ಪ ಕೈಗೆ ತೆಗೆದುಕೊಂಡು, “ನೋಡವ್ವ, ಅಂಗ್ಡಿಯವ್ರೂ ಬಿಳೀದೇ ಆರ್ಸವ್ರೆ” ಅಂತ ಊರೆಲ್ಲ ತೋರಿಸಿಕೊಂಡು ಬಂದರು. ನಾನು ಹಿತ್ತಿಲಿಗೆ ಹೋಗಿ, ತಪ್ಪಾಗಿದೆ ಅಂತ ನಿಮಗೆ ಬರೆಯೋಣ ಅಂದುಕೊಂಡು ಅವ್ವನ ದನಿ ನೆನೆಸಿಕೊಂಡೆ. ‘ಕೋಮ್ಲೀ’ ಅಂತ ಕರೆದದ್ದು ನೆನಪಿಗೆ ಬಂತು, ಬಣ್ಣ ಬರಲಿಲ್ಲ. ಎಷ್ಟು ಸಲ ನೆನೆದರೂ ಬಿಳಿ. ನೀವು ಕಳಿಸಿದ ಚೂರನ್ನು ಪಕ್ಕಕ್ಕೆ ಹಿಡಿದೆ, ಸರಿಯಾಗಿ ಹೊಂದಿತು. ನೀವು ತಪ್ಪಿ ಕಳಿಸಿದ್ದೇ ನಿಜವಾಗಿತ್ತು. ಅದನ್ನು ಯಾರಿಗೂ ಹೇಳಲಾರದೆ ಬಿಳಿ ಸೀರೆ ಉಟ್ಟು ಮದುವೆಯಾದೆ. ತಾಂಡವಪುರಕ್ಕೆ ಬಂದ ಮೇಲೆ ನಿಮ್ಮ ಅಂಗಡಿ ಬಸ್ಸಿನಲ್ಲಿ ಸ್ವಲ್ಪವೇ ದೂರ. ಆದರೂ ಬರಲಿಲ್ಲ. ಬಂದರೆ ನೀವು ಅವ್ವನ ಬಣ್ಣ ಕೇಳುತ್ತೀರಿ, ಅದು ಹೋಯಿತು ಅಂತ ನನ್ನ ಬಾಯಿಂದ ಹೇಳಬೇಕಾಗುತ್ತದೆ ಅಂತ ಭಯ.

ಇನ್ನು ಈ ಸೀರೆ. ರಮ್ಯ, ಇದನ್ನು ಗಟ್ಟಿಯಾಗಿ ಓದಮ್ಮ. ಸಾರ್, ಇದು ಅವ್ವನ ಬಣ್ಣ ಅಲ್ಲ. ರಾಗಿ ಹಿಟ್ಟಿನ ಬಣ್ಣ, ಯಾರಿಗೂ ಬೇಡ ಅಂತ ಮೂಲೆಗೆ ಹಾಕಿದ್ದಿರಲ್ಲ, ಅದೇ ಸೀರೆ.

ಆದರೆ ಇದು ನನಗೆ ಮೊದಲೇ ಗೊತ್ತಿರುವ ಬಣ್ಣ. ನರಸೀಪುರದ ಬೂತಿನಲ್ಲಿ ನೀವು “ಏನು ಬೇಕಾಗಿತ್ತಮ್ಮ?” ಅಂದಾಗ ಕಣ್ಣ ಪಕ್ಕದಲ್ಲಿ ಬಂದು ನಿಂತದ್ದು ಇದೇ. ಮನೆಗೆ ಹೋಗಿ ಚೂರುಗಳ ಪಕ್ಕ ಹಿಡಿದು ನೋಡಿದೆ, ನೂಲಿನಷ್ಟೂ ವ್ಯತ್ಯಾಸವಿಲ್ಲ. ನಾನು ಉಳಿಸಿಕೊಂಡದ್ದು ಆ ಚೂರನ್ನೇ. ಯಾರಿಗೂ ಬೇಡವಾದದ್ದು ಅಂತ ನೀವೇ ಬರೆದಿದ್ದಿರಿ, ನಿಮ್ಮ ದನಿ ಅದೇ ಅಂತ ಹೇಳಲು ನಾಚಿಕೆಯಾಯಿತು. ಆ ಚೂರನ್ನು ಈ ಪತ್ರದಲ್ಲಿ ಇಟ್ಟಿದ್ದೇನೆ, ರಮ್ಯ ನೋಡಿ ಹೇಳಲಿ. ನನಗೆ ಮಾತ್ರ ವಾಪಸ್ ಬೇಕು.

ಅವ್ವನ ಬಣ್ಣ ಹಿಡಿದಿಟ್ಟುಕೊಳ್ಳಬೇಕು ಅಂತ ಎರಡು ವರ್ಷ ಹುಡುಕಿದೆವು, ಕೈ ತಪ್ಪಿ ಹೋಯಿತು. ನಿಮ್ಮದು ಹುಡುಕದೆ ಸಿಕ್ಕಿದೆ, ಅದೂ ನೀವೇ ಆರಿಸಿ ಕಳಿಸಿದ್ದು. ಇದನ್ನು ಕಳೆದುಕೊಳ್ಳುವುದಿಲ್ಲ. ಚಿಕ್ಕಮ್ಮ ನೋಡಿದರೆ ಈ ಬಣ್ಣದಲ್ಲಿ ಕಪ್ಪಗೆ ಕಾಣುತ್ತೀಯ ಅನ್ನುತ್ತಾರೆ, ಅನ್ನಲಿ.

ಬರುವ ಸೋಮವಾರ ಈ ಸೀರೆ ಉಟ್ಟುಕೊಂಡು ಅಂಗಡಿಗೆ ಬರುತ್ತೇನೆ. ನಾನು ಹೇಗೆ ಕಾಣುತ್ತೇನೋ ಅಂತ ನೀವು ಚಿಂತೆ ಮಾಡಬೇಡಿ. ಬಾಗಿಲಲ್ಲಿ ನನ್ನ ಹೆಜ್ಜೆ ಕೇಳಿದಾಗ ಅವತ್ತಿನ ಹಾಗೇ “ಏನು ಬೇಕಾಗಿತ್ತಮ್ಮ?” ಅಂತ ಒಂದು ಮಾತು ಕೇಳಿ. ಸೆರಗು ಹಿಡಿದು ಹೊಂದುತ್ತದೆಯೇ ಅಂತ ನಾನು ನೋಡಿಕೊಳ್ಳುತ್ತೇನೆ.

ನಿಮ್ಮ ಮಗಳು,
ಕೋಮಲ